ಹವಳದ ಕಡಲು, ದ್ವೀಪ, ಮಳೆಕಾಡು: ಕೇರ್ನ್ಸ್ ಸುತ್ತ ಇಬ್ಬರಿಗೆ ಹತ್ತು ದಿನ

ಆಸ್ಟ್ರೇಲಿಯಾದ ಈಶಾನ್ಯ ಕರಾವಳಿಯಲ್ಲಿ, ಕ್ವೀನ್ಸ್‌ಲ್ಯಾಂಡ್ ರಾಜ್ಯದ ಕೇರ್ನ್ಸ್ ಪಟ್ಟಣದಿಂದ ಉತ್ತರಕ್ಕೆ ಹೊರಟರೆ ಎಡಗಡೆ ಮಳೆಕಾಡು ಹೊದ್ದ ಬೆಟ್ಟಸಾಲು, ಬಲಗಡೆ ಹವಳದ ಕಡಲು. ಈ ಕಡಲಿನ ಹವಳದ ದಿಬ್ಬಗಳ ಸಾಲಾದ ಗ್ರೇಟ್ ಬ್ಯಾರಿಯರ್ ರೀಫ್ 1981ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು, ಬೆಟ್ಟಗಳ ಮೇಲಿನ ವೆಟ್ ಟ್ರಾಪಿಕ್ಸ್ ಕಾಡು 1988ರಲ್ಲಿ. ಕೇಪ್ ಟ್ರಿಬ್ಯುಲೇಶನ್ ಎಂಬಲ್ಲಿ ಕಾಡು ನೇರವಾಗಿ ಮರಳಿಗೇ ಇಳಿದುಬಿಡುತ್ತದೆ. ನೋಡಬೇಕಾದ ಜಾಗಗಳ ಪಟ್ಟಿ ಎಲ್ಲೆಡೆ ಸಿಗುತ್ತದೆ. ಜನ ಎಡವುವುದು ದಿನಗಳನ್ನು ಜೋಡಿಸುವಾಗ. ಕಡಲಿನ ದಿನವನ್ನು ಗಾಳಿ ನಿರ್ಧರಿಸುತ್ತದೆ, ಬೆಟ್ಟದ ದಿನವನ್ನು ನೀವು ಕೊನೆಯ ಬಾರಿ ಡೈವ್ ಮಾಡಿದ ಗಂಟೆ ನಿರ್ಧರಿಸುತ್ತದೆ. ಇವೆರಡನ್ನು ಹಿಡಿದುಕೊಂಡರೆ ಮಿಕ್ಕ ಯೋಜನೆ ಸುಲಭ.

ಯಾವ ತಿಂಗಳು

ಜೂನ್‌ನಿಂದ ಆಗಸ್ಟ್ ಒಣ ಕಾಲ. ಆಕಾಶ ತಿಳಿ, ಕಾಡಿನ ದಾರಿ ಗಟ್ಟಿ, ಲೋಳೆಮೀನಿನ (ಜೆಲ್ಲಿಫಿಶ್) ಕಾಟ ಕಡಿಮೆ. ಆದರೆ ಆಗ್ನೇಯದ ವಾಣಿಜ್ಯ ಮಾರುತ ವಾರಗಟ್ಟಲೆ ಬಿಡದೆ ಬೀಸುತ್ತದೆ. ನೀರು 23-24 ಡಿಗ್ರಿಗೆ ಇಳಿಯುತ್ತದೆ, ತೆಳ್ಳಗಿರುವವರು ಅರ್ಧ ಗಂಟೆಯಲ್ಲೇ ನಡುಗುತ್ತಾರೆ. ಜೂನ್-ಜುಲೈನಲ್ಲಿ ಮಾತ್ರ ಕಾಣುವ ಡ್ವಾರ್ಫ್ ಮಿಂಕೆ ತಿಮಿಂಗಿಲಕ್ಕಾಗಿ ಬರುವವರು ಇದನ್ನೆಲ್ಲ ಸಹಿಸಿಕೊಳ್ಳುತ್ತಾರೆ.

ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ, ಚಂಡಮಾರುತ, ನೆರೆ. ನೀರು 29 ಡಿಗ್ರಿ ಮುಟ್ಟುತ್ತದೆ, ಕಾಡು ಅತ್ಯಂತ ಚೆನ್ನಾಗಿ ಕಾಣುತ್ತದೆ, ಆದರೆ ರಸ್ತೆ ಯಾವಾಗ ಮುಚ್ಚುತ್ತದೋ ಹೇಳಲಾಗದು. 2023ರ ಡಿಸೆಂಬರ್‌ನಲ್ಲಿ ಜ್ಯಾಸ್ಪರ್ ಚಂಡಮಾರುತದ ಮಳೆಗೆ ಉತ್ತರದ ಡೈನ್‌ಟ್ರೀ ಕಾಡಿನ ರಸ್ತೆಯೇ ಕುಸಿದು ಆಚೆಯ ಊರುಗಳು ಕಡಿದುಹೋಗಿದ್ದವು.

ಮೊದಲ ಸಲ ಹೋಗುವವರಿಗೆ ನಮ್ಮ ಆಯ್ಕೆ ಸೆಪ್ಟೆಂಬರ್ ನಡುವಿನಿಂದ ನವೆಂಬರ್ ಮೊದಲ ವಾರದವರೆಗೆ. ಗಾಳಿ ಸಡಿಲಿಸುತ್ತದೆ, ನೀರು ಬೆಚ್ಚಗಾಗುತ್ತದೆ, ಮಳೆ ಇನ್ನೂ ದೂರ. ರಾತ್ರಿ ಡೈವ್ ಮಾಡಬಲ್ಲವರು ನವೆಂಬರ್ ಹುಣ್ಣಿಮೆ ಕಳೆದ ನಾಲ್ಕರಿಂದ ಆರನೆಯ ರಾತ್ರಿಯನ್ನು ಗುರುತು ಹಾಕಿಕೊಳ್ಳಬಹುದು. ಹವಳಗಳು ಒಟ್ಟಿಗೆ ಮೊಟ್ಟೆ-ವೀರ್ಯ ಬಿಡುವುದು ಸಾಮಾನ್ಯವಾಗಿ ಆಗ. ಕೆಲವು ವರ್ಷ ಇದು ಒಂದು ತಿಂಗಳು ಹಿಂದೆ-ಮುಂದೆ ಆಗುತ್ತದೆ, ಹಾಗಾಗಿ ಇದೊಂದನ್ನೇ ನಂಬಿ ಟಿಕೆಟ್ ತೆಗೆಯಬೇಡಿ.

ಹತ್ತು ದಿನವನ್ನು ಹಂಚುವ ಕ್ರಮ

1ನೇ ದಿನ ಕೇರ್ನ್ಸ್‌ನಲ್ಲಿ ವಿಶ್ರಾಂತಿ ಮತ್ತು ನೀರಿನೊಳಗೆ ನೋಡಲು ಹಾಕುವ ಮಾಸ್ಕ್‌ನ ಪರೀಕ್ಷೆ. 2ನೇ ದಿನ ಹತ್ತಿರದ ದ್ವೀಪ. 3, 4, 5 ಈ ಮೂರರಲ್ಲಿ ಎರಡು ದಿನ ಹೊರಗಿನ ಹವಳದ ದಿಬ್ಬಕ್ಕೆ, ಒಂದು ಖಾಲಿ. 6ರಿಂದ 8 ಡೈನ್‌ಟ್ರೀ ಕಾಡು. 9ನೇ ದಿನ ಅಥರ್ಟನ್ ಪ್ರಸ್ಥಭೂಮಿ. 10ನೇ ದಿನ ವಿಮಾನ.

ಖಾಲಿ ದಿನ ದಂಡವಲ್ಲ, ಗಾಳಿಗೆ ಕೊಟ್ಟ ಜಾಗ. ಆಸ್ಟ್ರೇಲಿಯಾದ ಹವಾಮಾನ ಇಲಾಖೆ ಕೊಡುವ ಕಡಲ ಮುನ್ಸೂಚನೆಯಲ್ಲಿ ‘ಕೇರ್ನ್ಸ್ ಕೋಸ್ಟ್’ ಭಾಗ ತೆರೆದು ಗಾಳಿಯ ವೇಗವನ್ನು ನಾಟ್‌ನಲ್ಲಿ ಓದಿ. ಒಂದು ನಾಟ್ ಎಂದರೆ ಗಂಟೆಗೆ 1.85 ಕಿಲೋಮೀಟರ್. 10 ನಾಟ್ ಒಳಗಿದ್ದರೆ ಅದೃಷ್ಟ, ಎಲ್ಲ ಬಿಟ್ಟು ದೋಣಿ ಹತ್ತಿ. 15 ಆದರೂ ಚೆನ್ನ. 20ಕ್ಕೆ ಹೊಟ್ಟೆ ತೊಳಸುವವರು ನರಳುತ್ತಾರೆ, ಮರಳು ಎದ್ದು ನೀರು ಮಸುಕಾಗುತ್ತದೆ. 25 ದಾಟಿದರೆ ದೊಡ್ಡ ದೋಣಿಗಳು ಹೊರಟರೂ ನೀವು ಹೋಗಬೇಡಿ. ದುಡ್ಡು ಹೋಗುತ್ತದೆಂದು ಹೋದವರು ಐದು ಗಂಟೆ ಚೀಲ ಹಿಡಿದು ಕೂತು ಬರುತ್ತಾರೆ. ಬುಕ್ ಮಾಡುವಾಗಲೇ ಎಷ್ಟು ಗಂಟೆ ಮುಂಚೆ ಹೇಳಿದರೆ ದಿನ ಬದಲಿಸಬಹುದು ಎಂದು ಕೇಳಿಕೊಳ್ಳಿ. ಮೂರೂ ದಿನ ಗಾಳಿ ಕೆಟ್ಟಿದ್ದರೆ ಕಾಡನ್ನು ಮೊದಲಿಗೆ ತಂದು ಕಡಲನ್ನು ಆಮೇಲಕ್ಕೆ ಹಾಕಿ.

ಹಾಗೆ ಹಾಕುವಾಗ ನೆನಪಿಡಬೇಕಾದ್ದು ಎತ್ತರ. ಸಿಲಿಂಡರ್ ಹೊತ್ತು ಡೈವ್ ಮಾಡಿದಾಗ ಮೈಯೊಳಗೆ ಕರಗಿದ ನೈಟ್ರೋಜನ್ ಮೆಲ್ಲಗೆ ಹೊರಬರಬೇಕು. ಹೊರಗಿನ ಒತ್ತಡ ಬೇಗ ಇಳಿದರೆ ಅದು ಗುಳ್ಳೆಯಾಗಿ ಕೀಲುಗಳಲ್ಲಿ, ನರಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದೇ ಡೈವ್ ಆದರೆ 12 ಗಂಟೆ, ಹಲವು ಡೈವ್ ಆದರೆ 18 ಗಂಟೆ ವಿಮಾನ ಹತ್ತಬಾರದು ಎಂಬುದು ಕನಿಷ್ಠ ನಿಯಮ. 24 ಇಟ್ಟುಕೊಂಡರೆ ನಿಶ್ಚಿಂತೆ. ವಿಮಾನದ ವಿಷಯ ಎಲ್ಲರಿಗೂ ಗೊತ್ತು, ಬೆಟ್ಟದ್ದು ಗೊತ್ತಿಲ್ಲ. 300 ಮೀಟರ್ ಮೇಲಿನದೆಲ್ಲ ಈ ಲೆಕ್ಕದಲ್ಲಿ ಎತ್ತರವೇ. ಕೇರ್ನ್ಸ್ ಹಿಂದಿನ ಬೆಟ್ಟದ ಮೇಲಿರುವ ಕುರಾಂಡಾ ಊರು ಸುಮಾರು 330 ಮೀಟರ್, ಅಲ್ಲಿಗೆ ಹೋಗುವ ಸ್ಕೈರೈಲ್ ತೂಗುಗಾಡಿ ರೆಡ್ ಪೀಕ್ ನಿಲ್ದಾಣದಲ್ಲಿ 545 ಮೀಟರ್ ಏರುತ್ತದೆ, ಅಥರ್ಟನ್ ಪ್ರಸ್ಥಭೂಮಿಯ ಯುಂಗಬರಾ ಊರು ಸುಮಾರು 750. ಬೆಳಿಗ್ಗೆ ಡೈವ್, ಮಧ್ಯಾಹ್ನ ಬೆಟ್ಟ ಎಂಬ ಯೋಜನೆ ಕಾಗದದ ಮೇಲೆ ಮಾತ್ರ ಚೆಂದ. ಡೈನ್‌ಟ್ರೀಯ ನಡಿಗೆಗಳು ಬಹುಪಾಲು ಕಡಲ ಮಟ್ಟದಲ್ಲೇ ಇರುವುದರಿಂದ ಕಡಲಿಗೂ ಪ್ರಸ್ಥಭೂಮಿಗೂ ನಡುವೆ ಅದನ್ನು ಇಟ್ಟಿದ್ದೇವೆ. ಬರೀ ಸ್ನಾರ್ಕೆಲಿಂಗ್ (ಮಾಸ್ಕ್, ಉಸಿರಿನ ನಳಿಕೆ ಹಾಕಿ ನೀರ ಮೇಲೆ ತೇಲುತ್ತಾ ನೋಡುವುದು) ಮಾಡುವವರಿಗೆ ಈ ನಿಯಮದ ತೊಡಕಿಲ್ಲ.

ಮೊದಲ ಸಂಜೆ: ಮಾಸ್ಕ್

ಕೇರ್ನ್ಸ್‌ಗೆ ಈಜುವ ಬೀಚ್ ಇಲ್ಲ. ದಂಡೆಯುದ್ದಕ್ಕೂ ಕೆಸರು, ಕೆಸರಿನಲ್ಲಿ ಮೊಸಳೆ. ಅದಕ್ಕೇ ನಗರದವರು ಎಸ್ಪ್ಲನೇಡ್‌ನಲ್ಲಿ ಉಪ್ಪುನೀರಿನ ದೊಡ್ಡ ಕೊಳ ಕಟ್ಟಿಕೊಂಡಿದ್ದಾರೆ, ಪ್ರವೇಶ ಉಚಿತ. ಸೊಂಟದಾಳದ ನೀರಿನಲ್ಲಿ ಮಾಸ್ಕ್ ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಜಾಗ ಬೇಡ.

ಮಾಸ್ಕ್ ಹೊಂದುತ್ತದೋ ಇಲ್ಲವೋ ತಿಳಿಯಲು ಪಟ್ಟಿಯನ್ನು ತಲೆಗೆ ಹಾಕಬೇಡಿ. ಕೂದಲನ್ನೆಲ್ಲ ಹಿಂದಕ್ಕೆ ಸರಿಸಿ, ಮಾಸ್ಕನ್ನು ಮುಖಕ್ಕೆ ಮೆಲ್ಲಗೆ ಒತ್ತಿ, ಮೂಗಿನಿಂದ ಸ್ವಲ್ಪ ಉಸಿರೆಳೆದು ಕೈಬಿಡಿ. ಬೀಳದೆ ಅಂಟಿಕೊಂಡು ನಿಂತರೆ ಅದು ನಿಮ್ಮದು. ಸುಯ್ ಎಂದು ಗಾಳಿ ನುಗ್ಗಿದರೆ ಬೇರೆ ನೋಡಿ. ಪಟ್ಟಿ ಬಿಗಿದು ಸರಿಮಾಡುತ್ತೇನೆ ಎಂದರೆ ಅಂಚು ಮಡಚಿ ಇನ್ನಷ್ಟು ಸೋರುತ್ತದೆ, ಸಂಜೆಗೆ ಹಣೆಯ ಮೇಲೆ ಕೆಂಪು ಬರೆ ಉಳಿಯುತ್ತದೆ. ಮೀಸೆ ಇದ್ದವರಿಗೆ ಮೂಗಿನ ಕೆಳಗಿನಿಂದ ನೀರು ಬರುವುದು ಖಾತ್ರಿ. ಮೂಗಿಗೆ ತಾಗಿದ ಎರಡು ಮೂರು ಮಿಲಿಮೀಟರ್ ಕೂದಲು ತೆಗೆಯಿರಿ, ಮನಸ್ಸು ಬಾರದಿದ್ದರೆ ಅಲ್ಲಿ ತೆಳ್ಳಗೆ ವ್ಯಾಸಲೀನ್ ಹಚ್ಚಿ.

ಹೊಸ ಮಾಸ್ಕಿನ ಗಾಜಿನ ಒಳಬದಿಗೆ ಕಾರ್ಖಾನೆಯ ಜಿಡ್ಡು ಇರುತ್ತದೆ. ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಲ್ಲಿ ಎರಡು ನಿಮಿಷ ತಿಕ್ಕಿ ತೊಳೆಯಿರಿ, ಎರಡು ಸಲ. ಇದನ್ನು ಬಿಟ್ಟರೆ ಮಂಜು ಕಟ್ಟುವುದು ನಿಲ್ಲುವುದಿಲ್ಲ. ಆಮೇಲೆ ಪ್ರತಿ ಸಲ ನೀರಿಗಿಳಿಯುವ ಮುಂಚೆ ಒಂದು ಹನಿ ಬೇಬಿ ಶಾಂಪೂ ಸವರಿ ಒಮ್ಮೆ ಅದ್ದಿದರೆ ಸಾಕು. ಉಗುಳೂ ಅದೇ ಕೆಲಸ ಮಾಡುತ್ತದೆ. ಕನ್ನಡಕದವರು ನಂಬರನ್ನು ಬುಕಿಂಗ್ ಸಮಯದಲ್ಲೇ ಹೇಳಿದರೆ ಬಹಳಷ್ಟು ದೋಣಿಗಳಲ್ಲಿ ನಂಬರಿನ ಮಾಸ್ಕ್ ಸಿಗುತ್ತದೆ.

ನಳಿಕೆಗೆ ನೀರು ಹೊಕ್ಕರೆ ತಲೆ ಎತ್ತಬೇಡಿ. ‘ಟೂ’ ಎಂದು ಒಂದೇ ಗಟ್ಟಿ ಊದು, ನೀರು ಮೇಲಿನಿಂದ ಹಾರಿಹೋಗುತ್ತದೆ. ಈ ಒಂದು ಊದು ಹತ್ತು ಸಲಕ್ಕೆ ಹತ್ತೂ ಸಲ ಬರುವವರೆಗೆ ಕೊಳ ಬಿಡಬೇಡಿ. ಇಬ್ಬರಲ್ಲಿ ಒಬ್ಬರಿಗೆ ನೀರು ಹೆದರಿಕೆ ಎಂದರೆ ಅದು ತಿಳಿಯಬೇಕಾದ್ದು ಇಲ್ಲಿ, ಹದಿನೈದು ಮೀಟರ್ ಆಳದ ಮೇಲೆ ಅಲ್ಲ.

ದ್ವೀಪ ಯಾವುದು, ದಿಬ್ಬ ಯಾವುದು

ಗ್ರೀನ್ ಐಲ್ಯಾಂಡ್ ಕೇರ್ನ್ಸ್‌ನಿಂದ 27 ಕಿಲೋಮೀಟರ್, ವೇಗದ ದೋಣಿಯಲ್ಲಿ 45 ನಿಮಿಷ. ಹವಳದ ಮರಳು ಕೂಡಿ ಆದ ಸಮತಟ್ಟು ದ್ವೀಪ, ಮೇಲೆ ಸಣ್ಣ ಮಳೆಕಾಡು. ಮರಳಿನಿಂದ ನಡೆದೇ ನೀರಿಗಿಳಿಯಬಹುದಾದ್ದರಿಂದ ಈಜು ಕಲಿಯುತ್ತಿರುವವರಿಗೆ ಹಿತ. ಜನಜಂಗುಳಿ ಮಾತ್ರ ಹೆಚ್ಚು. ಫಿಟ್ಜ್‌ರಾಯ್ ಐಲ್ಯಾಂಡ್ ಹೆಚ್ಚುಕಡಿಮೆ ಅಷ್ಟೇ ದೂರ, ಆದರೆ ಅದು ಮುಳುಗಿದ ಬೆಟ್ಟದ ತಲೆ. ನಡಿಗೆ ದಾರಿಗಳಿವೆ, ತುದಿ 269 ಮೀಟರ್. ದಂಡೆಯಲ್ಲಿ ಮರಳಿಗಿಂತ ಹವಳದ ಚೂರೇ ಜಾಸ್ತಿ, ಬರಿಗಾಲಲ್ಲಿ ನಡೆಯಲಾಗದು. ಅಡಿ ಗಟ್ಟಿಯಿರುವ ನೀರಿನ ಚಪ್ಪಲಿ ಬೇಕೇ ಬೇಕು. ಕೇರ್ನ್ಸ್‌ನ ಉತ್ತರದ ಪೋರ್ಟ್ ಡಗ್ಲಸ್ ಊರಿನಲ್ಲಿ ತಂಗಿದವರಿಗೆ ಲೋ ಐಲ್ಸ್ 15 ಕಿಲೋಮೀಟರ್. ಅಲ್ಲಿ 1878ರ ದೀಪಸ್ತಂಭವಿದೆ, 1928-29ರಲ್ಲಿ ಬ್ರಿಟಿಷ್ ವಿಜ್ಞಾನಿಗಳ ತಂಡ ಸುಮಾರು ಒಂದು ವರ್ಷ ಕಾಲ ಬೀಡುಬಿಟ್ಟು ಹವಳದ ಜೀವನವನ್ನು ಅಭ್ಯಸಿಸಿದ್ದೂ ಅಲ್ಲೇ. ಮೂರರಲ್ಲಿ ಒಂದನ್ನೇ ನೋಡುವುದಾದರೆ ನಡೆಯುವ ಆಸೆ ಇದ್ದವರು ಫಿಟ್ಜ್‌ರಾಯ್ ಹಿಡಿಯಿರಿ, ಕಡಲಾಮೆ ಹುಡುಕುವವರು ಲೋ ಐಲ್ಸ್.

ದ್ವೀಪದ ಸುತ್ತಲ ಹವಳವೇ ರೀಫ್ ಎಂದುಕೊಂಡು ಮರಳುವವರಿದ್ದಾರೆ. ದಂಡೆಗೆ ಹತ್ತಿರವಿದ್ದಷ್ಟೂ ನದಿಯ ಮಣ್ಣು ತಾಗುತ್ತದೆ. ನೀರು ನೀಲಿಯಾಗುವುದು ಹೊರಗಿನ ದಿಬ್ಬಗಳಲ್ಲಿ: ಕೇರ್ನ್ಸ್ ಕಡೆಯಿಂದ ನಾರ್ಮನ್, ಸ್ಯಾಕ್ಸನ್, ಹೇಸ್ಟಿಂಗ್ಸ್, ಪೋರ್ಟ್ ಡಗ್ಲಸ್ ಕಡೆಯಿಂದ ಅಜಿನ್‌ಕೋರ್ಟ್. ಒಂದೂವರೆಯಿಂದ ಎರಡು ಗಂಟೆ ಪಯಣ, ಬೆಳಿಗ್ಗೆ ಎಂಟು-ಎಂಟೂವರೆಗೆ ಹೊರಡುತ್ತವೆ. ಊಟ, ಸಲಕರಣೆ ಸೇರಿ ತಲೆಗೆ ಸಾಮಾನ್ಯವಾಗಿ 250ರಿಂದ 350 ಆಸ್ಟ್ರೇಲಿಯನ್ ಡಾಲರ್. ಮರೀನ್ ಪಾರ್ಕಿನ ದಿನದ ಶುಲ್ಕ ಅದರಲ್ಲಿ ಸೇರಿದೆಯೋ ದೋಣಿಯಲ್ಲಿ ಬೇರೆ ಕೇಳುತ್ತಾರೋ ನೋಡಿಕೊಳ್ಳಿ.

ಎರಡು ಬಗೆಯ ದೋಣಿ. ನೂರಾರು ಜನರನ್ನು ಕಡಲಲ್ಲೇ ಕಟ್ಟಿದ ತೇಲುವ ಕಟ್ಟೆಗೆ ಒಯ್ಯುವುದು ಒಂದು: ಮೆಟ್ಟಿಲು, ಹಗ್ಗ, ಗಾಜಿನ ತಳದ ದೋಣಿ ಎಲ್ಲ ಇರುತ್ತವೆ, ಆದರೆ ದಿನವೂ ಅದೇ ಜಾಗ. ಸಣ್ಣ ದೋಣಿ ಇನ್ನೊಂದು: ಮೂವತ್ತು, ಐವತ್ತು, ಎಂಬತ್ತು ಜನ, ದಿನಕ್ಕೆ ಎರಡು ಮೂರು ತಾಣ, ಗಾಳಿ ನೋಡಿ ಜಾಗ ಬದಲಿಸುತ್ತದೆ. ಒಬ್ಬರು ಈಜಬಲ್ಲವರು, ಇನ್ನೊಬ್ಬರು ಇಲ್ಲ ಎಂದರೆ ಕಟ್ಟೆಯೇ ಸರಿ. ಇಲ್ಲದಿದ್ದರೆ ದೋಣಿಯಲ್ಲೇ ಕೂತವರ ಬೇಸರ ನೀರಿಗಿಳಿದವರ ಖುಷಿಯನ್ನೂ ತಿಂದುಹಾಕುತ್ತದೆ.

ಹೊಟ್ಟೆ ತೊಳಸುವವರು ಮಾತ್ರೆಯನ್ನು ದೋಣಿ ಹೊರಡುವ ಒಂದು ಗಂಟೆ ಮುಂಚೆ ನುಂಗಬೇಕು. ವಾಂತಿ ಶುರುವಾದ ಮೇಲೆ ನುಂಗಿದ್ದು ಹೊರಗೇ ಬರುತ್ತದೆ. ಹಿಂಭಾಗದಲ್ಲಿ, ಕೆಳ ಅಂತಸ್ತಿನಲ್ಲಿ, ಗಾಳಿಗೆ ಮುಖಕೊಟ್ಟು ದಿಗಂತ ನೋಡುತ್ತಾ ಕೂರಿ. ಫೋನ್ ಒಳಗಿಡಿ.

ದೋಣಿಯಲ್ಲಿ ಕೊಡುವ ಆರೋಗ್ಯದ ಫಾರ್ಮಿನಲ್ಲಿ ಸುಳ್ಳು ಬರೆಯಬೇಡಿ. ಹೃದಯ, ಆಸ್ತಮಾ, ಮೂರ್ಛೆ, ಮಧುಮೇಹ ಎಂದು ಬರೆದರೆ ಸ್ನಾರ್ಕೆಲಿಂಗ್ ನಿಲ್ಲಿಸಿಬಿಡುತ್ತಾರೆ ಎಂಬ ಭಯ ಬಹಳ ಜನಕ್ಕೆ. ಹೆಚ್ಚಾಗಿ ಬೇರೆ ಬಣ್ಣದ ಗುರುತು ಮತ್ತು ತೇಲುವ ಸಾಧನ ಕೊಟ್ಟು, ಕಾವಲಿನವರು ಕಣ್ಣಿಟ್ಟಿರುತ್ತಾರೆ, ಅಷ್ಟೆ. ಡೈವಿಂಗ್‌ಗೆ ನಿಯಮ ಬಿಗಿ. ಅಂಥವರು ವೈದ್ಯರ ಪತ್ರವನ್ನು ಮೊದಲೇ ಕೈಲಿಟ್ಟುಕೊಂಡಿರಬೇಕು. ನೆಗಡಿ ಇದ್ದರೆ ಡೈವ್ ಬೇಡವೇ ಬೇಡ, ಕಿವಿಯ ಒತ್ತಡ ಸಮವಾಗದೆ ಪರದೆ ಹರಿಯಬಹುದು.

ನೀರಿನಲ್ಲಿ ಇಬ್ಬರು

ಇಳಿದ ತಕ್ಷಣ ಹರಿವಿನ ದಿಕ್ಕು ನೋಡಿ. ಕಟ್ಟಿದ ದೋಣಿಯ ಹಿಂಬದಿಯಿಂದ ತೇಲುವ ಹಗ್ಗ ಯಾವ ಕಡೆ ಚಾಚಿದೆಯೋ ಹರಿವು ಆ ಕಡೆಗೆ. ಮೊದಲು ಹರಿವಿಗೆ ಎದುರಾಗಿ ಈಜಿ, ಸುಸ್ತಾದ ಮೇಲೆ ಅದೇ ನಿಮ್ಮನ್ನು ದೋಣಿಗೆ ತರಲಿ. ಉಲ್ಟಾ ಮಾಡಿದವರನ್ನು ರಬ್ಬರ್ ದೋಣಿ ಹೋಗಿ ಎಳೆದು ತರಬೇಕಾಗುತ್ತದೆ.

ಇಬ್ಬರ ನಡುವಿನ ಅಂತರ ಕೈಚಾಚಿದರೆ ಸಿಗುವಷ್ಟು. ಸನ್ನೆಗಳನ್ನು ದೋಣಿಯಲ್ಲೇ ಮಾತಾಡಿಕೊಳ್ಳಿ. ಹೆಬ್ಬೆರಳು ಮೇಲೆ ಎಂದರೆ ಡೈವಿಂಗ್ ಭಾಷೆಯಲ್ಲಿ ‘ಮೇಲೆ ಹೋಗೋಣ’, ‘ಸೊಗಸಾಗಿದೆ’ ಅಲ್ಲ. ಸರಿ ಇದೆ ಎನ್ನಲು ಹೆಬ್ಬೆರಳು-ತೋರುಬೆರಳು ಸೇರಿಸಿದ ಉಂಗುರ. ಕೈ ಎತ್ತಿ ಬೀಸಿದರೆ ಸಹಾಯ ಬೇಕು ಎಂದರ್ಥ, ಖುಷಿಗೆ ಬೀಸಿದರೂ ಕಾವಲಿನವರು ಹಾರುತ್ತಾರೆ. ಉಸಿರು ಹಿಡಿದು ಕೆಳಗೆ ಇಳಿಯುವವರಾದರೆ ಒಬ್ಬರು ಕೆಳಗೆ, ಒಬ್ಬರು ಮೇಲೆ ನೋಡುತ್ತಾ. ಇಳಿಯುವ ಮುಂಚೆ ಜೋರುಜೋರಾಗಿ ಉಸಿರಾಡಿ ಎದೆ ತುಂಬಿಕೊಳ್ಳುವ ಅಭ್ಯಾಸ ಅಪಾಯ. ಅದು ಉಸಿರಾಡಬೇಕೆಂಬ ಒತ್ತಡವನ್ನು ಮರೆಮಾಡುತ್ತದೆ, ಮೇಲೆ ಬರುವ ದಾರಿಯಲ್ಲೇ ಪ್ರಜ್ಞೆ ತಪ್ಪುತ್ತದೆ.

ಕಿಲೋಮೀಟರ್ ಈಜಿದವರಿಗಿಂತ ಒಂದು ಹವಳದ ಗುಡ್ಡೆಯ ಮೇಲೆ ಹತ್ತು ನಿಮಿಷ ತೇಲಿದವರು ಹೆಚ್ಚು ನೋಡುತ್ತಾರೆ. ಮೊದಲ ನಿಮಿಷ ಎಲ್ಲ ಅಡಗಿರುತ್ತವೆ. ಆಮೇಲೆ ಗಿಣಿಮೀನು ಬಂದು ಹವಳವನ್ನು ಕಟಕಟ ಕಡಿಯುವ ಸದ್ದು ನೀರಿನೊಳಗೆ ಸ್ಪಷ್ಟ ಕೇಳುತ್ತದೆ, ಸ್ವಲ್ಪ ಹೊತ್ತಿಗೆ ಅದರ ಹಿಂಬದಿಯಿಂದ ಬಿಳಿ ಪುಡಿ ಸುರಿಯುತ್ತದೆ. ದ್ವೀಪದ ಮರಳಿನಲ್ಲಿ ಒಂದು ಪಾಲು ಹೀಗೇ ಆದದ್ದು. ದೈತ್ಯ ಕಪ್ಪೆಚಿಪ್ಪಿನ ಮೇಲೆ ನಿಮ್ಮ ನೆರಳು ಬಿದ್ದರೆ ಅದರ ನೀಲಿ-ಹಸಿರು ತುಟಿ ಸರಕ್ಕನೆ ಒಳಸೇದುತ್ತದೆ, ನೆರಳು ಸರಿದರೆ ಮತ್ತೆ ಅರಳುತ್ತದೆ. ಎಲ್ಲ ಕಡೆ ಬಣ್ಣದ ಹವಳ ನಿರೀಕ್ಷಿಸಬೇಡಿ, ಆರೋಗ್ಯವಂತ ಹವಳದಲ್ಲಿ ಬಹುಪಾಲು ಕಂದು, ಹಳದಿ-ಹಸಿರು. ಅಚ್ಚ ಬಿಳಿಯಾಗಿದ್ದರೆ ಅದು ಬಿಸಿಗೆ ಬಣ್ಣಗೆಟ್ಟದ್ದು. 2016, 2017, 2020, 2022, 2024ರಲ್ಲಿ ಇಲ್ಲಿ ದೊಡ್ಡ ಪ್ರಮಾಣದಲ್ಲಿ ಹಾಗಾಗಿದೆ. ಸುಣ್ಣದ ಮೇಲೆ ಪಾಚಿ ಹತ್ತಿದ್ದರೆ ಸತ್ತದ್ದು.

ಹವಳದ ಮೇಲೆ ನಿಲ್ಲಬೇಡಿ. ಹೆಚ್ಚಿನ ಪೆಟ್ಟು ಬೀಳುವುದು ಮಾಸ್ಕ್ ಸರಿಮಾಡಲು ನೇರವಾಗಿ ನಿಂತಾಗ, ಕಾಲಿಗೆ ತೊಟ್ಟ ಈಜುರೆಕ್ಕೆಯಿಂದ (ಫಿನ್ಸ್). ಬೆನ್ನ ಮೇಲೆ ಮಗುಚಿ ತೇಲುತ್ತಾ ಸರಿಮಾಡಿಕೊಳ್ಳಿ. ಚೆಂದದ ಶಂಕುವಿನಾಕಾರದ ಚಿಪ್ಪನ್ನು ಕೈಗೆತ್ತಿಕೊಳ್ಳಬೇಡಿ, ಒಳಗಿರುವ ಪ್ರಾಣಿಯ ಕುಟುಕು ಮನುಷ್ಯರನ್ನು ಕೊಂದದ್ದಿದೆ. ಹವಳ ತರಚಿದರೆ ಶುದ್ಧ ನೀರಲ್ಲಿ ಉಜ್ಜಿ ತೊಳೆದು ಚೂರೆಲ್ಲ ತೆಗೆದು ಆಂಟಿಸೆಪ್ಟಿಕ್ ಹಚ್ಚಬೇಕು. ಸಣ್ಣ ಗೀರು ಎಂದು ಬಿಟ್ಟದ್ದು ಮೂರನೇ ದಿನ ಕೀವಾಗುತ್ತದೆ.

ಲೋಳೆಮೀನು, ಮೊಸಳೆ

ನವೆಂಬರ್‌ನಿಂದ ಮೇವರೆಗೆ ಲೋಳೆಮೀನಿನ ಕಾಲ. ಬಾಕ್ಸ್ ಲೋಳೆಮೀನು ದಂಡೆಯ ಬಳಿ, ನದಿಮುಖಗಳಲ್ಲಿ, ಮೂರು ಮೀಟರ್‌ವರೆಗಿನ ಎಳೆಗಳೊಡನೆ ತೇಲುತ್ತದೆ. ಇರುಕಾಂಜಿ ಎಂಬ ಇನ್ನೊಂದು ಬಗೆ ಬೆರಳ ತುದಿಯಷ್ಟು, ಕಣ್ಣಿಗೇ ಕಾಣದು, ಹೊರ ದಿಬ್ಬದಲ್ಲೂ ಇರಬಹುದು. ಇದರ ಕುಟುಕು ಮೊದಲಿಗೆ ಹೆಚ್ಚೇನೂ ಅನ್ನಿಸುವುದಿಲ್ಲ. ಸುಮಾರು ಅರ್ಧ ಗಂಟೆ ಕಳೆದು ಬೆನ್ನುನೋವು, ವಾಂತಿ, ಬೆವರು, ಏನೋ ಕೆಟ್ಟದ್ದಾಗುತ್ತಿದೆ ಎಂಬ ತಳಮಳ ಶುರುವಾಗುತ್ತದೆ. ದೋಣಿಯಲ್ಲಿ ಕೊಡುವ ಲೈಕ್ರಾ ಅಂಗಿಯನ್ನು ಮೈತುಂಬ, ಕೈಗವಸು-ತಲೆಮುಸುಕಿನ ಸಮೇತ ತೊಡಿ. ಸನ್‌ಸ್ಕ್ರೀನೂ ಕಡಿಮೆ ಸಾಕಾಗುತ್ತದೆ, ಹವಳಕ್ಕೂ ಒಳ್ಳೆಯದು. ಕುಟುಕಿದರೆ ಕನಿಷ್ಠ 30 ಸೆಕೆಂಡ್ ವಿನಿಗರ್ ಸುರಿಯಿರಿ, ಉಜ್ಜಬೇಡಿ, ಸಿಹಿನೀರು ಹಾಕಬೇಡಿ, 000ಗೆ ಕರೆ ಮಾಡಿ. ದಂಡೆಗಳಲ್ಲಿ ಕಂಬಕ್ಕೆ ಕಟ್ಟಿದ ವಿನಿಗರ್ ಬಾಟಲಿ ಇರುವುದು ಅದಕ್ಕೇ.

ಮೊಸಳೆಗೆ ಕಾಲವಿಲ್ಲ. ನದಿ, ಹಳ್ಳ, ಮ್ಯಾಂಗ್ರೋವ್, ಡೈನ್‌ಟ್ರೀಯ ಬೀಚ್ ಎಲ್ಲಿದ್ದರೂ ನೀರಿನಂಚಿನಿಂದ ಐದು ಮೀಟರ್ ದೂರ. ನಿನ್ನೆ ನಿಂತ ಜಾಗದಲ್ಲೇ ಇವತ್ತೂ ನಿಲ್ಲಬೇಡಿ, ಅವು ದಿನಚರಿ ಗಮನಿಸುತ್ತವೆ.

ಡೈನ್‌ಟ್ರೀಗೆ

ಕೇರ್ನ್ಸ್‌ನಿಂದ ಡೈನ್‌ಟ್ರೀ ನದಿಯ ಫೆರಿಗೆ (ವಾಹನ ದಾಟಿಸುವ ದೋಣಿ) ಸುಮಾರು 105 ಕಿಲೋಮೀಟರ್, ಅಲ್ಲಿಂದ ಕೇಪ್ ಟ್ರಿಬ್ಯುಲೇಶನ್‌ಗೆ ಇನ್ನೊಂದು 35. ಒಟ್ಟು ಮೂರು ಗಂಟೆ ಹಿಡಿಯಿರಿ. ದಾರಿಯಲ್ಲಿ ಮಾಸ್‌ಮನ್ ಗಾರ್ಜ್ ಎಂಬ ಕಣಿವೆ: ಕಾರನ್ನು ಪ್ರವಾಸಿ ಕೇಂದ್ರದಲ್ಲೇ ಬಿಟ್ಟು ಶಟಲ್ ಬಸ್ಸಿನಲ್ಲಿ ಹೋಗಬೇಕು. ಈ ಕಾಡು ಕುಕು ಯಲಂಜಿ ಎಂಬ ಮೂಲನಿವಾಸಿ ಜನರದು. 2021ರಲ್ಲಿ ಡೈನ್‌ಟ್ರೀ ರಾಷ್ಟ್ರೀಯ ಉದ್ಯಾನವನ್ನು ಸರ್ಕಾರ ಅವರಿಗೆ ಮರಳಿಸಿತು. ಅವರೇ ನಡೆಸುವ ನಡಿಗೆಗೆ ಮೊದಲೇ ಹೆಸರು ಕೊಟ್ಟು ಹೋಗಿ. ನೀವಾಗಿ ನಡೆದರೆ ಮರಗಳಷ್ಟೇ ಕಾಣುತ್ತವೆ.

ಮಾಸ್‌ಮನ್‌ನಲ್ಲೇ ಪೆಟ್ರೋಲ್ ತುಂಬಿಸಿ, ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಿ. ಫೆರಿ ದಾಟಿದ ಮೇಲೆ ಸಿಗ್ನಲ್ ಬಹುತೇಕ ಇಲ್ಲ. ಹಗ್ಗ ಎಳೆದು ಸಾಗುವ ಈ ಫೆರಿ ಮಧ್ಯರಾತ್ರಿಯ ನಂತರ ಇಲ್ಲ. ರಜೆಯ ದಿನ ಹತ್ತು ಗಂಟೆಯ ಹೊತ್ತಿಗೆ ಸಾಲು ಬೆಳೆಯುತ್ತದೆ. ಡಾಂಬರು ಕೇಪ್ ಟ್ರಿಬ್ಯುಲೇಶನ್‌ಗೆ ಮುಗಿಯುತ್ತದೆ, ಮುಂದಿನ ಬ್ಲೂಮ್‌ಫೀಲ್ಡ್ ದಾರಿ ಫೋರ್ ವೀಲ್ ಡ್ರೈವ್‌ಗೆ ಮಾತ್ರ. ಬಾಡಿಗೆ ಕಾರಿನ ಒಪ್ಪಂದದಲ್ಲಿ ಮಣ್ಣುದಾರಿಗೆ ವಿಮೆ ಇಲ್ಲ ಎಂದು ಸಾಮಾನ್ಯವಾಗಿ ಬರೆದಿರುತ್ತದೆ, ಸಣ್ಣಕ್ಷರ ಓದಿ.

ಎರಡು ರಾತ್ರಿಯಾದರೂ ನದಿಯ ಆಚೆ ತಂಗಿ. ಒಂದೇ ದಿನದಲ್ಲಿ ಹೋಗಿಬರುವವರು ಕಾಡನ್ನು ನೋಡುವುದು ಅದು ನಿದ್ದೆ ಮಾಡುವ ಹೊತ್ತಿನಲ್ಲಿ, ಹನ್ನೊಂದರಿಂದ ಮೂರರ ನಡುವೆ. ಜಿಂಡಾಲ್ಬಾ, ಮಾರ್ಜಾ, ಡುಬುಜಿ ಈ ಮೂರು ಮರದ ಹಾಸಿನ ದಾರಿಗಳೂ ಗಂಟೆಯೊಳಗೆ ಮುಗಿಯುವಂಥವು. ಜಿಂಡಾಲ್ಬಾವನ್ನು ಬೆಳಕು ಹರಿಯುವಾಗ ಹಿಡಿಯಿರಿ. ಮಾರ್ಜಾದಲ್ಲಿ ಮಳೆಕಾಡು ಮ್ಯಾಂಗ್ರೋವ್ ಆಗಿ ಬದಲಾಗುವುದನ್ನು ಹೆಜ್ಜೆ ಲೆಕ್ಕದಲ್ಲಿ ಕಾಣಬಹುದು, ಸೊಳ್ಳೆಯೂ ಅದೇ ಲೆಕ್ಕದಲ್ಲಿ ಹೆಚ್ಚುತ್ತದೆ. ಹೊರಡುವ ಮುಂಚೆ ಕ್ವೀನ್ಸ್‌ಲ್ಯಾಂಡ್ ಉದ್ಯಾನ ಇಲಾಖೆಯ ಸೂಚನೆಗಳಲ್ಲಿ ಯಾವ ದಾರಿ ಮುಚ್ಚಿದೆ ನೋಡಿ.

ದಾರಿಯ ಮೇಲೆ ಬೀಜಗಳೇ ತುಂಬಿದ ಬಣ್ಣಬಣ್ಣದ ಲದ್ದಿಯ ಗುಡ್ಡೆ ಕಂಡರೆ ಕ್ಯಾಸೊವರಿ ಹತ್ತಿರದಲ್ಲೇ ಇದೆ. ಆಳೆತ್ತರದ ಈ ಹಾರದ ಹಕ್ಕಿ ನುಂಗಿ ಹೊರಹಾಕಿದ್ದರಿಂದಲೇ ಇಲ್ಲಿನ ಎಷ್ಟೋ ದೊಡ್ಡ ಹಣ್ಣಿನ ಮರಗಳು ಊರು ಬಿಟ್ಟು ಊರು ಸೇರುವುದು. ಎದುರಾದರೆ ಓಡಬೇಡಿ. ಮುಖ ಅದರ ಕಡೆಗಿಟ್ಟು, ಬೆನ್ನಚೀಲವನ್ನು ಎದೆಯ ಮುಂದೆ ಹಿಡಿದು, ಇಬ್ಬರೂ ಒತ್ತಾಗಿ ನಿಂತು ಮೆಲ್ಲಗೆ ಹಿಂದೆ ಸರಿಯಿರಿ. ಮರಿಗಳ ಜೊತೆ ಇರುವುದು ಗಂಡು, ಅದರ ಕೋಪ ಜಾಸ್ತಿ.

ಹಾಸು ಬಿಟ್ಟು ಇಳಿಯದಿರಲು ಕಾರಣ ಜಿಂಪೈ-ಜಿಂಪೈ ಎಂಬ ಗಿಡ. ಬಿಸಿಲು ಬೀಳುವ ಅಂಚಿನಲ್ಲಿ ಸೊಂಟದೆತ್ತರ ಬೆಳೆದು, ಹೃದಯದಾಕಾರದ ಅಗಲ ಎಲೆ ಬಿಟ್ಟು ಮುಗ್ಧವಾಗಿ ನಿಂತಿರುತ್ತದೆ. ನಮ್ಮ ತುರಿಕೆ ಸೊಪ್ಪು ಇದರ ಮುಂದೆ ಮಗು. ಎಲೆಯ ಮೇಲಿನ ಗಾಜಿನಂಥ ಕೂದಲು ಚರ್ಮದಲ್ಲಿ ಮುರಿದು ತಿಂಗಳುಗಟ್ಟಲೆ ನೋಯಿಸಬಲ್ಲದು. ತಾಗಿದರೆ ಉಜ್ಜದೆ, ಕೂದಲು ಕೀಳುವ ವ್ಯಾಕ್ಸ್ ಪಟ್ಟಿಯನ್ನು ಅಂಟಿಸಿ ಕಿತ್ತು, ವೈದ್ಯರಲ್ಲಿಗೆ ಹೋಗಿ. ಔಷಧಿ ಪೆಟ್ಟಿಗೆಯಲ್ಲಿ ನಾಲ್ಕು ಪಟ್ಟಿ ಇಟ್ಟುಕೊಳ್ಳಿ. ಬೆತ್ತದ ಮುಳ್ಳುಬಳ್ಳಿ ಅಂಗಿ ಹಿಡಿದರೆ ಎಳೆಯಬೇಡಿ, ಎರಡು ಹೆಜ್ಜೆ ಹಿಂದೆ ಹೋದರೆ ತಾನೇ ಬಿಡುತ್ತದೆ. ಇಂಬಳಕ್ಕೆ ಕಾಲುಚೀಲವನ್ನು ಪ್ಯಾಂಟಿನ ಮೇಲಕ್ಕೆಳೆದರೆ ಸಾಕು.

ಕೊನೆಗೆ ಪ್ರಸ್ಥಭೂಮಿ

9ನೇ ದಿನ ಯುಂಗಬರಾಗೆ ಹತ್ತಿ. ಊರ ಹತ್ತಿರ ಕರ್ಟನ್ ಫಿಗ್ ಎಂಬ ಅತ್ತಿಜಾತಿಯ ಮರವಿದೆ. ಆಸರೆ ಕೊಟ್ಟ ಮರ ಪಕ್ಕದ ಮರಕ್ಕೆ ಒರಗಿ ಬಿದ್ದಾಗ, ಇಳಿಬಿದ್ದ ಬಿಳಲುಗಳು ಪರದೆಯಂತೆ ಹೆಣೆದುಕೊಂಡಿವೆ. ಅದಕ್ಕೆ ಅರ್ಧ ಗಂಟೆ ಸಾಕು. ಸಂಜೆಯನ್ನು ಪೀಟರ್ಸನ್ ಹಳ್ಳದಲ್ಲಿರುವ ಬಾತುಕೊಕ್ಕಿನ ಪ್ರಾಣಿ ಪ್ಲಾಟಿಪಸ್‌ಗೆ ಇಡಿ. ಸೂರ್ಯ ಮುಳುಗುವ ಒಂದು ಗಂಟೆ ಮುಂಚೆ ಕೂರಿ, ಗಾಢ ಬಣ್ಣದ ಬಟ್ಟೆ ತೊಡಿ, ದಡ ಅದುರುವಂತೆ ಕಾಲು ಹಾಕಬೇಡಿ. ನೀರಿನ ಮೇಲೆ ಗುಳ್ಳೆಗಳ ಸಾಲು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗುವುದನ್ನು ಹುಡುಕಿ. ಸಾಲು ನಿಂತ ಜಾಗದಿಂದ ತುಸು ಆಚೆ ಅದು ಮೇಲೆ ಬಂದು, ಒಂದಷ್ಟು ಸೆಕೆಂಡ್ ಚಪ್ಪಟೆಯಾಗಿ ತೇಲಿ, ಬೆನ್ನು ಬಾಗಿಸಿ ಮತ್ತೆ ಮುಳುಗುತ್ತದೆ. ಮುಳುಗಿದ ಕ್ಷಣ ಎದ್ದು ಜಾಗ ಬದಲಿಸಿ, ಮೇಲೆ ಬರುವಷ್ಟರಲ್ಲಿ ಕೂತಿರಿ. ಕ್ಯಾಮೆರಾದ ಫ್ಲ್ಯಾಶ್ ಮೊದಲೇ ಆರಿಸಿಡಿ.